ಐದಕ್ಕೆ ಮೂರು

ನಮ್ಮ ಸ್ಕೇಲ್‌ಬೆಕ್ ಊರಿನಲ್ಲಿ ಯಾರೂ ಯಾವುದಕ್ಕೂ ಐದಕ್ಕೆ ಐದು ಕೊಡುವುದಿಲ್ಲ. ನಾನು ಹುಟ್ಟಿದಾಗ ತೊಟ್ಟಿಲೊಳಗೆ ಇಣುಕಿ ಅಪ್ಪ "ಪರವಾಗಿಲ್ಲ" ಅಂದನಂತೆ. ಅಮ್ಮ ಅದನ್ನು ಸಾಯುವವರೆಗೂ ಹೆಮ್ಮೆಯಿಂದ ಹೇಳಿಕೊಂಡಳು. ಯಾರ್ಕ್‌ಶೈರಿನ ಈ ಕಣಿವೆಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಇಷ್ಟೆಲ್ಲ ಗೊತ್ತಿದ್ದೂ ಆ ಹಾಳು ಫಾರಮ್ಮುಗಳನ್ನು ತಿರುವಿಯೂ ನೋಡದೆ ನನ್ನ ಕೈಯಾರೆ ಅಂಚೆಗೆ ಹಾಕಿದೆ. ಯಾರನ್ನು ಬೈಯಲಿ?

ವರ್ಷಕ್ಕೊಮ್ಮೆ, ಮಾರ್ಚ್ ತಿಂಗಳಲ್ಲಿ, ಒಂದು ಪುಟ್ಟ ಆಪೆರಾ ತಂಡ ವ್ಯಾನಿನಲ್ಲಿ ನಮ್ಮೂರಿಗೆ ಬರುತ್ತದೆ. ಎಂಟು ಜನ ಹಾಡುವವರು, ಪಿಯಾನೋ ನುಡಿಸುವವಳೊಬ್ಬಳು, ಒಂದು ಮಡಚುವ ಮಂಚ. ಆ ಮಂಚದ ಮೇಲೆ ಪ್ರತಿ ವರ್ಷ ಯಾರಾದರೊಬ್ಬಳು ಹಾಡುತ್ತ ಹಾಡುತ್ತ ಪ್ರಾಣ ಬಿಡುತ್ತಾಳೆ. ಟೌನ್‌ಹಾಲ್ ಹಿಡಿಯುವುದು, ಕುರ್ಚಿ ಹಾಕುವುದು, ನೂರೈವತ್ತು ಜನಕ್ಕೆ ಚಹಾ ಕಾಯಿಸುವುದು ನನ್ನ ಪಾಲು. ಹಗಲೆಲ್ಲ ಶಾಲೆಯ ಅಡುಗೆಮನೆಯಲ್ಲಿ ಮುನ್ನೂರು ಮಕ್ಕಳಿಗೆ ಆಲೂಗಡ್ಡೆ ಹಿಸುಕಿ, ಮನೆಗೆ ಬಂದು ನನ್ನವೆರಡಕ್ಕೆ ಉಣಿಸಿ, ಆಮೇಲೆ ಇದು.

ಇದೆಲ್ಲ ಅಪ್ಪನಿಗೋಸ್ಕರ. ವಿಲ್ಫ್ ಹಿಂಚ್ಲಿಫ್, ಎಂಬತ್ತಮೂರು ವರ್ಷ. ಉಣ್ಣೆ ಗಿರಣಿಯಲ್ಲಿ ಬಣ್ಣ ಹಾಕುವ ಕಡೆ ನಲವತ್ತು ವರ್ಷ ದುಡಿದವನು. ಇವತ್ತಿಗೂ ನಮ್ಮ ಚಾಪೆಲ್ಲಿನ, ಅಂದರೆ ಊರಿನ ಪುಟ್ಟ ಚರ್ಚಿನ, ಹಾಡುಗಾರರಲ್ಲಿ ಎಲ್ಲರಿಗಿಂತ ಗಡಸು ಕಂಠ ಅವನದೇ. ಮೊಣಕಾಲು ಹೋಗಿರುವುದರಿಂದ ದೊಡ್ಡ ಆಪೆರಾ ನಡೆಯುವ ಲೀಡ್ಸಿನ ರೈಲು ಹತ್ತಲಾರ. ವ್ಯಾನು ಬಂದರೆ ಅವನ ಪಾಲಿಗೆ ಆಪೆರಾ ಉಂಟು, ಬರದಿದ್ದರೆ ಇಲ್ಲ.

"ಏನು ಗೇನರ್ ಮಹಾರಾಣಿ, ಇವತ್ತು ಮುತ್ತಿನ ಸರಾನೋ, ವಜ್ರದ್ದೋ?" ಎಂದು ನನ್ನ ಜೊತೆ ಪಾತ್ರೆ ತಿಕ್ಕುವ ಶೆರಿಲ್ ಪ್ರತಿ ಸಲ ಛೇಡಿಸುತ್ತಾಳೆ. ಅವಳ ಗಂಡ ಒಂದು ಶನಿವಾರ ಫುಟ್‌ಬಾಲ್ ನೋಡಿಬರುವ ಖರ್ಚಿನಲ್ಲಿ ನಮ್ಮ ಮನೆಮಂದಿಯೆಲ್ಲ ಆಪೆರಾ ನೋಡಬಹುದು. ಆದರೂ ಶ್ರೀಮಂತರ ಶೋಕಿ ನಮ್ಮದಂತೆ! ಹೇಳಿ ಹೇಳಿ ನನ್ನ ಬಾಯಿ ಸೋತಿದೆ.

ಹೋದ ವರ್ಷ ತಂಡದ ಜೊತೆ, ಅದನ್ನು ದುಡ್ಡು ಕೊಟ್ಟು ಕಳಿಸುವ ಲಂಡನ್ನಿನ ಕಚೇರಿಯಿಂದ ಇಮೊಜೆನ್ ಎಂಬ ಹೊಸ ಹುಡುಗಿ ಬಂದಿದ್ದಳು. ಮೊಣಕಾಲಲ್ಲಿ ಹರಿದ ಪ್ಯಾಂಟು, ಕೈಯಲ್ಲಿ ಫಾರಮ್ಮಿನ ಕಟ್ಟು. ನಮ್ಮವರೆಲ್ಲ ಮದುವೆಗೂ ಮಸಣಕ್ಕೂ ಹಾಕುವ ಒಂದೇ ಕರಿ ಸೂಟು ಇಸ್ತ್ರಿ ಮಾಡಿ ಹಾಕಿಕೊಂಡು ಬಂದಿದ್ದರು. ಆಟ ಮುಗಿದ ಮೇಲೆ ಅವಳು ಸಾಲುಸಾಲಾಗಿ ಫಾರಮ್ಮು ಹಂಚಿದಳು. ಅದರಲ್ಲಿದ್ದದ್ದು ಒಂದೇ ಪ್ರಶ್ನೆ: ಆಪೆರಾ ನಿಮ್ಮಂಥವರಿಗಾಗಿಯೇ ಇದೆ ಎಂದು ನಿಮಗೆಷ್ಟು ಅನ್ನಿಸಿತು? ಒಂದರಿಂದ ಐದರವರೆಗೆ ಅಂಕ.

"ನಮ್ಮಂಥವರು ಅಂದ್ರೆ ಎಂಥವರು?" ಎಂದು ಅಪ್ಪ ಗುರ್ರೆಂದ. ಅವನ ಕಣ್ಣು ಇನ್ನೂ ಒದ್ದೆಯಾಗಿತ್ತು, ಕರವಸ್ತ್ರ ಮುದ್ದೆಯಾಗಿತ್ತು. "ಅಪ್ಪ, ಸುಮ್ನೆ ಬರಿ" ಎಂದು ನಾನು ಕಪ್ಪು ತೊಳೆಯಲು ಓಡಿದೆ. ಅವನು ಮೂರಕ್ಕೆ ಸುತ್ತು ಹಾಕಿದ. ಅಕ್ಕಪಕ್ಕದವರು ಅವನ ಕಾಗದ ಇಣುಕಿ ನೋಡಿ ತಾವೂ ಮೂರಕ್ಕೇ ಹಾಕಿದರು. ಫಾರಮ್ಮುಗಳನ್ನೆಲ್ಲ ಕೂಡಿಸಿ ಮಾರನೆಯ ದಿನ ಲಂಡನ್ನಿಗೆ ಕಳಿಸಿದವಳು ನಾನೇ.

ಮೇ ತಿಂಗಳಲ್ಲಿ ಕಾಗದ ಬಂತು. ನಮ್ಮ ಸಮುದಾಯಕ್ಕೆ ಆಪೆರಾ ಒಗ್ಗುತ್ತಿಲ್ಲವಂತೆ. ಸೂಟುಬೂಟಿನ ಬಿಗಿ ವಾತಾವರಣದಲ್ಲಿ ಜನ ಅಳುಕಿ ಕೂತಂತೆ ಕಂಡಿತಂತೆ. ಆದ್ದರಿಂದ ಮುಂದಿನ ವರ್ಷ ವ್ಯಾನಿನ ಬದಲು, ನಮಗೆ ಹೆಚ್ಚು ಹತ್ತಿರವಾದ, ಪ್ಲಾಸ್ಟಿಕ್ ಬಕೆಟ್ ಬಾರಿಸಲು ಕಲಿಸುವ ಶಿಬಿರ.

ಬಕೆಟ್! ಓದಿ ನನ್ನ ಪಿತ್ತ ನೆತ್ತಿಗೇರಿತು. ಅಪ್ಪ ಕಾಗದವನ್ನು ಎರಡು ಸಲ ಓದಿ, ಮಡಚಿ, ಗಡಿಯಾರದ ಹಿಂದೆ ಸಿಕ್ಕಿಸಿದ. ಆ ಭಾನುವಾರ ಚಾಪೆಲ್ಲಿಗೂ ಹೋಗಲಿಲ್ಲ. ಅವನು ಎರಡು ಬೈದಿದ್ದರೆ ನಾನು ಸುಮ್ಮನಿರುತ್ತಿದ್ದೆನೇನೋ. ಸೋಮವಾರ ಶಾಲೆಯಿಂದ ಬಂದವಳೇ ಲಂಡನ್ನಿಗೆ ಫೋನು ಹಚ್ಚಿ, ಸ್ಪೀಕರಿಗೆ ಹಾಕಿ, ಒಂದು ಕೈಯಲ್ಲಿ ಮಗನ ಆಟದ ಬಟ್ಟೆಯ ಕೆಸರು ತಿಕ್ಕುತ್ತ ನಿಂತೆ.

"ನಿಮ್ಮ ಮೇಲೆ ಏನನ್ನೂ ಹೇರಬಾರದು ಅನ್ನೋದು ನಮ್ಮ ಉದ್ದೇಶ" ಎಂದಳು ಇಮೊಜೆನ್, ಜೇನಿನಂಥ ದನಿಯಲ್ಲಿ.

"ಹೇರೋದು ಏನು ಬಂತು ಮಾರಾಯ್ತಿ? ನಮ್ಮಪ್ಪ ನೀನು ಹುಟ್ಟೋಕ್ಕಿಂತ ಮುಂಚಿಂದ ಆಪೆರಾ ಕೇಳ್ತಿದಾನೆ. ಗಿರಣೀಲಿ ಬಣ್ಣದ ತೊಟ್ಟಿ ಮುಂದೆ ನಿಂತ್ಕೊಂಡು ಹಾಡ್ತಿದ್ದ!"

"ಆದ್ರೆ ಅವರೂ ಮೂರೇ ಕೊಟ್ಟಿದಾರಲ್ಲ?"

ಒಲೆಯ ಪಕ್ಕದ ಕುರ್ಚಿಯಿಂದ ಅಪ್ಪ ಬಾಯಿ ಹಾಕಿದ. "ಮೂರು ಒಳ್ಳೇ ಅಂಕಾನೇ ತಾಯಿ."

"ಹಾಗಾದ್ರೆ ಐದು ಯಾರಿಗೆ ಮಿಸ್ಟರ್ ಹಿಂಚ್ಲಿಫ್?"

"ದೇವರಿಗೆ. ಈ ಊರಿನ ಹವಾ ನೋಡಿದ್ರೆ ಅವನಿಗೂ ಒಂದು ಕಡಿಮೇನೇ."

ನಾನು ಬಟ್ಟೆಯನ್ನು ಬಕೆಟ್ಟಿಗೆ ಕುಕ್ಕಿದೆ. "ಕೇಳಿಸ್ಕೊಂಡ್ಯಾ? ಇಂಥವರ ಜೊತೆ ನಾನು ಏಗ್ತಿರೋದು. ಅಪ್ಪ, ಈಗ ಹೇಳು. ಅಮ್ಮನಿಗೆ ಎಷ್ಟು ಕೊಡ್ತಿದ್ದೆ?"

ಸಿಟ್ಟಿನಲ್ಲಿ ಬಾಯಿಗೆ ಬಂದ ಮಾತು. ಅಪ್ಪ ಮಾತ್ರ ಅದನ್ನು ನಿಜವಾದ ಪ್ರಶ್ನೆಯಂತೆ ತೆಗೆದುಕೊಂಡ. ಕೈಯಲ್ಲಿದ್ದ ಬಿಸ್ಕತ್ತು ಚಹಾದಲ್ಲಿ ಕರಗಿ ಬಿತ್ತು.

"ನಾಲ್ಕು" ಎಂದ ಕೊನೆಗೆ. "ಅವಳ ಎದುರಿಗೆ ಅಂದಿರ್ಲಿಲ್ಲ, ಅಷ್ಟೆ."

ಫೋನಿನ ಆಚೆ ಇಮೊಜೆನ್ ಗಂಟಲು ಸರಿಮಾಡಿಕೊಂಡಳು. ಈಗಾಗಲೇ ಕೊಟ್ಟ ಅಂಕವನ್ನು ತಿದ್ದಲು ಬರುವುದಿಲ್ಲ, ಇನ್ನೊಂದು ವರ್ಷ ವ್ಯಾನು ಕಳಿಸಲು ಮೇಲಿನವರನ್ನು ಕೇಳಿ ನೋಡುತ್ತೇನೆ ಎಂದಳು. ಆಗಲೂ ಸರಾಸರಿ ನಾಲ್ಕಕ್ಕಿಂತ ಕೆಳಗೆ ಬಂದರೆ ಅಲ್ಲಿಗೆ ಮುಗಿಯಿತು. "ಮತ್ತೆ, ಬಕೆಟ್ ಶಿಬಿರ ರದ್ದು ಮಾಡೋಕಾಗಲ್ಲ. ಬಕೆಟ್ಟುಗಳು ಬಂದಾಗಿದೆ."

ಹಾಗಾಗಿ ಈ ಮಾರ್ಚಿನಲ್ಲಿ, ಆಪೆರಾಕ್ಕೆ ಮುಂಚೆ ಒಂದು ಗಂಟೆ ಹೊತ್ತು, ಕರಿ ಸೂಟು ಹಾಕಿದ ನೂರೈವತ್ತು ಜನ ತೊಡೆಯ ಮೇಲೆ ಹಳದಿ ಬಕೆಟ್ ಇಟ್ಟುಕೊಂಡು ಬಾರಿಸಿದರು. ಅಪ್ಪ ತನ್ನ ಬಕೆಟ್ಟನ್ನು ತಿರುಗಿಸಿ ಅದರೊಳಗೆ ಟೋಪಿ ಇಟ್ಟುಕೊಂಡ. ಶೆರಿಲ್ಲಳನ್ನು ಚಹಾಕ್ಕೆ ಕೈಜೋಡಿಸೆಂದು ಎಳೆದು ತಂದಿದ್ದೆ. ಅವಳು ಬಾಗಿಲಲ್ಲಿ ನಿಂತು "ಶ್ರೀಮಂತರ ಆಟ ಅಂದ್ರೆ ಇದೇನಾ?" ಎಂದು ಬಿದ್ದು ಬಿದ್ದು ನಕ್ಕಳು. ಆಮೇಲೆ ದೀಪ ಆರಿಸಿದರು, ಮಂಚದ ಮೇಲೆ ಹುಡುಗಿ ಸಾಯತೊಡಗಿದಳು. ಶೆರಿಲ್ ಒಂದೇ ಕಪ್ಪನ್ನು ಒರೆಸುತ್ತ ಕೊನೆಯವರೆಗೂ ನಿಂತೇ ಇದ್ದಳು.

ಫಾರಮ್ಮು ಬಂತು. ಅದಕ್ಕೆ ಮೊದಲು ಒಂದು ವಾರ ನಾನು ಚಾಪೆಲ್ಲಿನ ಮೆಟ್ಟಿಲ ಮೇಲೆ, ಬ್ರೆಡ್ಡಿನಂಗಡಿಯಲ್ಲಿ, ಬಸ್ ನಿಲ್ದಾಣದಲ್ಲಿ ಸಿಕ್ಕವರನ್ನೆಲ್ಲ ಹಿಡಿದು, ನಾಲ್ಕಾದರೂ ಹಾಕಿ ಎಂದು ಬೇಡಿಕೊಂಡಿದ್ದೆ. "ಸುಳ್ಳು ಬರೀಬೇಕಾ ಗೇನರ್?" ಎಂದು ಎಲ್ಲರದೂ ಒಂದೇ ಮಾತು. ಈಗಲೂ ಯಾರೂ ಪೆನ್ನು ಎತ್ತಲಿಲ್ಲ. ಕುತ್ತಿಗೆ ಉದ್ದ ಮಾಡಿ ಅಪ್ಪನ ಕಾಗದದ ಕಡೆಗೇ ನೋಡುತ್ತಿದ್ದರು.

ಅಪ್ಪ ಕನ್ನಡಕ ಒರೆಸಿದ. ಪೆನ್ನು ಮೂರರ ಮೇಲೆ ಬಂದು ನಿಂತಿತು. ಕಿತ್ತುಕೊಂಡು ನಾನೇ ಬರೆದುಬಿಡಲೇ ಅನ್ನಿಸಿತು. ಕೈ ಹಿಂದೆ ಕಟ್ಟಿಕೊಂಡೆ. ಪೆನ್ನು ನಿಧಾನವಾಗಿ ಪಕ್ಕಕ್ಕೆ ಸರಿಯಿತು. ನಾಲ್ಕಕ್ಕೆ ಒಂದು ಸುತ್ತು ಹಾಕಿ, ಅಪ್ಪ ಕಾಗದವನ್ನು ಬೋರಲಾಗಿಟ್ಟ. ಆ ಸುದ್ದಿ ಸಾಲಿನಿಂದ ಸಾಲಿಗೆ ಪಿಸುಗುಟ್ಟುತ್ತ ಹಿಂದಿನವರೆಗೂ ಹೋಯಿತು. ಪೆನ್ನುಗಳು ಒಂದೊಂದಾಗಿ ಆಡತೊಡಗಿದವು.

ನನ್ನ ತೋಳು ಹಿಡಿದು ಮೆಟ್ಟಿಲಿಳಿಯುತ್ತಿದ್ದ ಅಪ್ಪ ನಡುವೆಯೇ ನಿಂತ. ತಿರುಗಿ ಟೌನ್‌ಹಾಲಿನ ಕಡೆ ನೋಡಿದ.

"ಸ್ವಲ್ಪ ಅತಿಯಾಯ್ತೇನೋ ಕಣೇ" ಎಂದ. "ಪಾಪ, ಹಾಡಿದವರು ಚಿಕ್ಕ ವಯಸ್ಸಿನವರು. ತಲೆ ತಿರುಗಿಬಿಡುತ್ತೆ."

"ಇಳಿ ಅಪ್ಪ" ಎಂದೆ. "ಸುಮ್ನೆ ಇಳಿ."