ಇಪ್ಪತ್ತೆಂಟು ಹೆಬ್ಬೆಟ್ಟು

ಶಿಗ್ಗಾಂವ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು ವಾಣಿಶ್ರೀ ಫೈಲು ಬಿಚ್ಚಿದ್ದೇ ತಡ, ತಮ್ಮ ಶಂಭುಲಿಂಗ ಬಲಗೈ ಹೆಬ್ಬೆರಳನ್ನು ಮುಷ್ಟಿಯೊಳಗೆ ಅಡಗಿಸಿಕೊಂಡ.

"ಮತ್ತ ಯಾಕ ತಗದಿ ಅಕ್ಕಾ? ಬಸ್ ಬರೋ ಹೊತ್ತಾತು."

"ಹೋದ ವರ್ಷ ಸಂದರ್ಶನದಾಗ ಒಂದೊಂದು ಹಾಳಿ ತಿರುವಿ ನೋಡ್ಯಾರ. ಈ ಸಲಾನೂ ನೋಡ್ತಾರ."

ಹೋದ ವರ್ಷ! ನೆನೆದರೆ ಇವತ್ತಿಗೂ ಅವನ ಹೊಟ್ಟೆ ಉರಿಯುತ್ತದೆ. ಮನಃಶಾಸ್ತ್ರದಲ್ಲಿ ಪಿಎಚ್.ಡಿ. ಮಾಡಬೇಕೆಂದು ಹೋದ ಅಕ್ಕನನ್ನು ತಂಪು ಕೋಣೆಯಲ್ಲಿ ಕೂತ ನಾಲ್ವರು ಫೈಲು ತಿರುವಿ, ಎರಡೇ ಮಾತಿನಲ್ಲಿ ಹೊರಗೆ ಕಳಿಸಿದ್ದರು. ಪುಸ್ತಕ ಓದಿದ್ದೀಯಮ್ಮ, ಜನರ ನಡುವೆ ಕೆಲಸ ಮಾಡಿಲ್ಲ ಎಂದಿದ್ದರಂತೆ. ಜನರ ನಡುವೆಯೇ ಹುಟ್ಟಿ ಬೆಳೆದವಳಿಗೆ ಆ ಮಾತು! ಎಂಟನೇ ತರಗತಿಗೆ ಶಾಲೆ ಬಿಟ್ಟ ಶಂಭುಲಿಂಗ ಬಂಕಾಪುರದ ತಮ್ಮ ಓಣಿಯಲ್ಲಿ ನಿಂತು ಆ ನಾಲ್ವರನ್ನೂ ಬಾಯಿಗೆ ಬಂದಂತೆ ಬೈದಿದ್ದ.

ಅಕ್ಕ ಬೈಯಲಿಲ್ಲ. ಅವನು ಕೂಲಿ ಹೆಣ್ಣುಮಕ್ಕಳನ್ನು ಹೊಲಕ್ಕೆ ಒಯ್ಯುವ ಟಂಟಂ ಗಾಡಿಯಲ್ಲಿ ಮರುವಾರದಿಂದಲೇ ತಾನೂ ಹತ್ತಿದಳು. ಅವರ ಜೊತೆ ಮೆಣಸಿನಕಾಯಿ ಬಿಡಿಸುತ್ತ, ಬುತ್ತಿ ಉಣ್ಣುತ್ತ, ಯಾರಿಗೆ ನಿದ್ದೆ ಬರುವುದಿಲ್ಲ, ಯಾರ ಎದೆ ಯಾತಕ್ಕೆ ಹೊಡೆದುಕೊಳ್ಳುತ್ತದೆ ಎಂದು ಕೇಳಿ ಬರೆದುಕೊಂಡಳು. ನಲವತ್ತು ಮಂದಿ. ಹೇಳಿದ್ದನ್ನು ಬಳಸಲು ಒಪ್ಪಿಗೆಯಿದೆ ಎಂಬ ಪತ್ರಕ್ಕೆ ಹೆಬ್ಬೆಟ್ಟು ಹಾಕಿಸುವುದೊಂದು ಉಳಿದಿತ್ತು. ಅರ್ಜಿ ಬರೆಯುವುದರಲ್ಲಿ ಮುಳುಗಿದ್ದವಳು ಆ ಕೆಲಸವನ್ನು ತಮ್ಮನಿಗೆ ಹಚ್ಚಿದಳು.

ಹನ್ನೆರಡು ಮಂದಿ ಒತ್ತಿದರು. ಉಳಿದವರು ಹಾಳೆ ಕಂಡದ್ದೇ ಹಿಂದೆ ಸರಿದರು.

"ಮಾತಾಡು ಅಂದ್ರ ಮಾತಾಡೇನಿ. ಹೆಬ್ಬಟ್ಟು ಮಾತ್ರ ಕೇಳಬ್ಯಾಡ. ನಮ್ಮಪ್ಪ ಒಮ್ಮೆ ಒತ್ತಿದ್ದ, ಹೊಲ ಹೋತು," ಎಂದಳು ಶಂಕ್ರವ್ವ.

ಶಂಭುಲಿಂಗ ಬೇಡಿದ, ರೇಗಿದ. ಕೊನೆಗೆ ಟಂಟಂನ ಸೀಟಿನ ಮೇಲೆ ಕೂತು ಇಪ್ಪತ್ತೆಂಟು ಪತ್ರಗಳಿಗೂ ತನ್ನದೇ ಹೆಬ್ಬೆಟ್ಟು ಒತ್ತಿದ.

ಅವನ ಹೆಬ್ಬೆರಳಿನ ಮೇಲೆ ಕುಡುಗೋಲು ತಾಗಿದ ಗಾಯದ ಗೆರೆಯಿತ್ತು. ಅದು ಅಷ್ಟೂ ಹಾಳೆಗಳಲ್ಲಿ ಓರೆಯಾಗಿ, ಬೆಳ್ಳಗೆ ಮೂಡಿದ್ದನ್ನು ಅವನು ಕಂಡದ್ದು ಇವತ್ತು ಮುಂಜಾನೆ. ಆ ನಾಲ್ವರು ಕಂಡರೆ ಅಕ್ಕನನ್ನೇ ಕಳ್ಳಿ ಅನ್ನುತ್ತಾರೆ; ಆ ಬಾಗಿಲು ಇನ್ನೆಂದೂ ತೆರೆಯುವುದಿಲ್ಲ. ಈಗ ಹೇಳಿದರೆ ಅವಳ ಕೈಯಲ್ಲಿ ಉಳಿಯುವುದೇನು?

ಹುಬ್ಬಳ್ಳಿ ಬಸ್ಸು ಒಳಗೆ ತಿರುಗಿತು.

"ಅಕ್ಕಾ," ಎಂದ. ಮುಷ್ಟಿ ಬಿಚ್ಚಿ ಹೆಬ್ಬೆರಳನ್ನು ಹಾಳೆಯ ಪಕ್ಕ ಇಟ್ಟ.

ವಾಣಿಶ್ರೀ ಬೆರಳು ನೋಡಿದಳು, ಹಾಳೆ ನೋಡಿದಳು. ಇನ್ನೊಂದು ಹಾಳೆ. ಮತ್ತೊಂದು.

"ಎಷ್ಟು?"

"ಇಪ್ಪತ್ತೆಂಟು. ಶಂಕ್ರವ್ವ ಅವರಪ್ಪನ ಹೊಲ ಹೋದದ್ದು ಹೇಳಿ ಒಲ್ಲೆ ಅಂದ್ಲು, ಉಳಿದವ್ರೂ ಹಿಂದ ಸರದ್ರು."

"ನನ್ನ ಕೊಂದೆಲ್ಲೋ ಶಂಭ್ಯಾ!"

"ಆ ಮಂದಿಗೆ ಏನ್ ತಿಳೀತೈತಿ ಅಂತ..."

"ಅವರಿಗೆ ತಿಳೀಲಿಕ್ಕಿಲ್ಲ. ಶಂಕ್ರವ್ವ ಒಲ್ಲೆ ಅಂದಿದ್ದು ನಿನಗ ತಿಳೀಲಿಲ್ಲೇನು?" ಆ ಪತ್ರಗಳನ್ನೂ ಅವರ ಮಾತು ಬರೆದ ಹಾಳೆಗಳನ್ನೂ ಕಿತ್ತು ಅವನ ಎದೆಗೆ ಒತ್ತಿದಳು. "ಮನಿ ಮನಿಗೆ ಹೋಗಿ ಕೊಡು. ಏನ್ ಮಾಡೇನಿ ಅಂತ ನಿನ್ನ ಬಾಯಿಲೇ ಹೇಳು."

"ಹನ್ನೆರಡರಾಗ ನೀ ಏನ್ ಮಾಡ್ತಿ?"

"ಗೊತ್ತಿಲ್ಲೋ. ಅಂಜಿಕಿ ಆಗಾಕತ್ತೈತಿ." ಬಸ್ಸು ಹತ್ತಿಬಿಟ್ಟಳು.

ಧೈರ್ಯ ಸಾಲದೆ ಶಂಭುಲಿಂಗ ಮಧ್ಯಾಹ್ನ ಇಳಿಯುವವರೆಗೂ ಟಂಟಂ ಅಲ್ಲಿಂದಿಲ್ಲಿಗೆ ತಿರುಗಿಸಿದ. ಕಡೆಗೆ ಹೋದಾಗ ಶಂಕ್ರವ್ವ ಮನೆಯ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು. ಹೇಳಿದ್ದನ್ನೆಲ್ಲ ಕೇಳಿ, ಅವನ ಕೈ ಎಳೆದು ಹೆಬ್ಬೆರಳು ನೋಡಿದಳು.

"ನಮ್ಮಪ್ಪನ ಕೈ ಹಿಡದು ಒತ್ತಿಸಿದವ್ರೂ ಹಿಂಗ ನಮ್ಮವರ ಆಗಿದ್ರು, ಭಾಡ್ಯಾ," ಎಂದಳು. ಹಾಳೆ ಹರಿದು ಒಲೆಗೆ ತುರುಕಿ ಬಂದಳು.

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಅಕ್ಕ. ಅವನಿಗೆ ಎತ್ತಲಾಗಲಿಲ್ಲ.

"ಎತ್ತೋ! ಅದಕ್ಕರ ನಿನ್ನ ಹೆಬ್ಬಟ್ಟು ಹಚ್ಚು," ಎಂದು ಶಂಕ್ರವ್ವ ಗದರಿದಳು.

"ಹನ್ನೆರಡ ಪತ್ರ ಯಾಕ ಅಂದ್ರು. ಇದ್ದದ್ದು ಹೇಳಿದೆ," ಎಂದಿತು ಅಕ್ಕನ ದನಿ. "ಒಲ್ಲೆ ಅಂದವರು ಯಾಕ ಒಲ್ಲೆ ಅಂದ್ರು ಅಂತ ಅರ್ಧ ತಾಸು ಕೇಳಿದ್ರು."

"ತಗೊಂಡ್ರೇನು?"

"ಹದಿನೈದು ದಿನಕ್ಕ ಹೇಳ್ತಾರಂತ. ನಂಗಿನ್ನೂ ಅಂಜಿಕಿ ಹೋಗಿಲ್ಲ. ನೀ ಎಷ್ಟು ಮನಿ ಮುಗಿಸಿದಿ?"

"ಒಂದು."

ಹೆಬ್ಬೆಟ್ಟು ಒಲ್ಲೆ ಅಂದಿದ್ದ ಪಕ್ಕದ ಮನೆಯ ಬಿಬಿಜಾನಳ ಬಾಗಿಲು ತೆರೆದೇ ಇತ್ತು. ಮುಷ್ಟಿಗೆ ಸರಿಯುತ್ತಿದ್ದ ಹೆಬ್ಬೆರಳನ್ನು ಹೊರಗೆ ಎಳೆದುಕೊಂಡು ಅವನು ಅತ್ತ ನಡೆದ.