ಹೊಳೆದಂಡೆಯ ಹಗ್ಗ

ಸಿಕಂದರ್ ನಮ್ಮ ಜಮೀನಿನ ಫೋಟೊ ತೆಗೆಯಲು ಬಂದ ದಿನ, ತಿಪ್ಪೆ ಕಾಣಬಾರದೆಂದು ಹುಣಸೆಮರದ ಬುಡದಲ್ಲಿ ಮಂಡಿಯೂರಿ ಕುಳಿತ. ಕುಳಿತಲ್ಲಿಂದಲೇ ನನಗೆ ಕೈಸನ್ನೆ ಮಾಡಿದ.

"ಆಶಕ್ಕಾ, ಆ ಎಮ್ಮಿ ಸ್ವಲ್ಪ ಈ ಕಡೆ ಹೊಡೀರಿ. ಮುಂದೆ ಎಮ್ಮಿ, ಹಿಂದೆ ಹೊಳಿ, ಅದರ ಹಿಂದೆ ಗುಡ್ಡ. ದಾವಣಗೆರೆ ಮಂದಿ ಇಂಥದ್ದಕ್ಕ ಸಾಯ್ತಾರೆ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ನಾನು ಕೇಳಿಸದವಳಂತೆ, "ಗುಡ್ಡ ಎಲ್ಲೈತೆ ಸಿಕಂದರಣ್ಣ?" ಅಂದೆ.

"ಐತಲ್ರಿ, ಅಗೋ." ಹೊಳೆಯ ಆಚೆ, ಬಹಳ ದೂರದಲ್ಲಿ, ಹೊಗೆ ಎಳೆದ ಹಾಗೆ ಒಂದು ಗೆರೆ. "ಫೋಟೊದಾಗ ಹತ್ರ ಎಳ್ಕೊಂಡು ಬರ್ತೀನಿ ಬಿಡ್ರಿ."

ಸಿಕಂದರ್ ಹರಿಹರದಲ್ಲಿ ಜಮೀನು ಕೊಡಿಸುವ, ಮಾರಿಸುವ ಕೆಲಸ ಮಾಡುತ್ತಾನೆ. ನನ್ನ ಗಂಡನ ಜೊತೆ ಶಾಲೆಗೆ ಹೋದವನು. ಅಂದು ಸಂಜೆಯೇ ಅವನು ಮೊಬೈಲಿನಲ್ಲಿ ಹಾಕಿದ್ದನ್ನು ನನ್ನ ಮಗಳು ರೇವತಿ ಜೋರಾಗಿ ಓದಿದಳು: "ಹೊಳೆದಂಡೆಯ ಸುಂದರ ಫಾರ್ಮ್ ಮಾರಾಟಕ್ಕಿದೆ. ಗುಡ್ಡದ ನೋಟ, ತಂಪು ಗಾಳಿ, ನೆಮ್ಮದಿಯ ತಾಣ." ಓದಿ, ಸಗಣಿ ಬುಟ್ಟಿ ಹಿಡಿದು ನಿಂತಿದ್ದ ನನ್ನನ್ನು ನೋಡಿ ನಕ್ಕಳು. "ಅವ್ವಾ, ಇದು ನಮ್ಮ ಮನಿನಾ?"

ನಮ್ಮದೇ. ನನ್ನ ಮಾವ ಬದುಕಿದ್ದಾಗ ಹೆಂಡತಿಯ ಹೆಸರಿಗೆ ಕೊಂಡ ನೆಲ. ಒಂದು ತಗಡಿನ ಶೆಡ್ಡು, ಎಮ್ಮೆಗಳು, ಹುಲ್ಲಿನ ಮಡಿ, ಎರಡು ಕೋಣೆಯ ಮನೆ, ಹಿತ್ತಲು ದಾಟಿದರೆ ತುಂಗಭದ್ರೆ. ಬೆಳಕು ಹರಿಯುವ ಮೊದಲು ಹಾಲು ಕರೆದು, ಸ್ಕೂಟಿಗೆ ಕ್ಯಾನು ಕಟ್ಟಿಕೊಂಡು ದಾವಣಗೆರೆಯ ಕೆ.ಬಿ. ಬಡಾವಣೆಯ ಮನೆಮನೆಗೆ ಹಾಕಿ ಬರುವುದು ನನ್ನ ಕೆಲಸ. ಹಿಂದೆ ಅದು ನನ್ನ ಗಂಡ ನಿಂಗರಾಜುವಿನ ಕೆಲಸವಾಗಿತ್ತು.

ಎಮ್ಮೆಯನ್ನು ಹೊಳೆಗೆ ಇಳಿಸಿದಾಗ ಹಗ್ಗವನ್ನು ಮಣಿಕಟ್ಟಿಗೆ ಸುತ್ತಿಕೊಳ್ಳಬಾರದು. ಎಮ್ಮೆ ಕಟ್ಟಿದ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಮೈ ಉಜ್ಜಲು ಎರಡೂ ಕೈ ಬೇಕಲ್ಲ ಎಂದು ಎಲ್ಲರೂ ಸುತ್ತಿಕೊಳ್ಳುತ್ತಾರೆ. ರೇವತಿ ಅಂಗನವಾಡಿಗೆ ಹೋಗುತ್ತಿದ್ದ ವರ್ಷ, ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟಿದ್ದ ಒಂದು ಮಧ್ಯಾಹ್ನ, ನಿಂಗರಾಜುವೂ ಸುತ್ತಿಕೊಂಡಿದ್ದ. ಎಮ್ಮೆ ಮಡುವಿನ ಕಡೆ ತಿರುಗಿತು. ಹೊತ್ತು ಮುಳುಗುವಾಗ ಅದೊಂದೇ ಕೆಳಗಿನ ದಂಡೆಯಿಂದ ನಡೆದು ಮನೆಗೆ ಬಂತು. ಹಗ್ಗ ಅದರ ಹಿಂದೆ ಕೆಸರಿನಲ್ಲಿ ಎಳೆದುಕೊಂಡು ಬರುತ್ತಿತ್ತು.

ಮೀನುಗಾರರು ತೆಪ್ಪ ಹಾಕಿಕೊಂಡು ಕೆಳಗಿನ ಊರುಗಳ ತನಕ ಹುಡುಕಿದರು. ಹೆಣ ಸಿಗಲಿಲ್ಲ.

"ಹೆಣ ಸಿಕ್ಕಿಲ್ಲ ಅಂದ್ರೆ ಸತ್ತಿಲ್ಲ" ಅಂದಳು ನನ್ನ ಅತ್ತೆ ದ್ಯಾಮವ್ವ. ನನ್ನ ತಾಳಿ, ಬಳೆ, ಕುಂಕುಮ ಯಾವುದನ್ನೂ ತೆಗೆಯಲು ಬಿಡಲಿಲ್ಲ. ಪಿತೃಪಕ್ಷದ ಅಮಾವಾಸ್ಯೆಗೆ ಮಾವನಿಗೆ ಎಡೆ ಇಟ್ಟರೂ ಮಗನಿಗೆ ಇಡಲಿಲ್ಲ. ಆ ಹಗ್ಗವನ್ನು ಶೆಡ್ಡಿನ ಗೂಟಕ್ಕೆ ನೇತುಹಾಕಿದಳು. ಅದರಿಂದ ಬೇರೆ ಎಮ್ಮೆ ಕಟ್ಟಬಾರದು ಅಂದಳು. ದಿನಾ ಸಂಜೆ ದಂಡೆಗೆ ಹೋಗಿ ನೀರಿನಲ್ಲಿ ಬಿದ್ದ ಎಮ್ಮೆಗಳನ್ನು ಕೂಗುವಳು. ಅವು ಎದ್ದು ಬಂದ ಮೇಲೂ ಅಲ್ಲೇ ನಿಂತು ಇನ್ನೊಂದು ಸಲ ಕೂಗುವಳು, "ನಿಂಗಾ... ಕತ್ಲಾತು, ಬಾರೋ."

ಹೀಗೇ ವರ್ಷಗಳು ಹೋದವು. ಜಮೀನು ಮಾರುವ ಮಾತು ಎತ್ತಿದಾಗೆಲ್ಲ, "ಅವನು ಬಂದ್ರೆ ಎಲ್ಲಿಗೆ ಬರ್ಬೇಕು?" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಈ ಮಳೆಗಾಲದಲ್ಲಿ ಒಂದು ದಿನ ನಾನು ದಾವಣಗೆರೆಯಿಂದ ಬಂದು ಸ್ಕೂಟಿ ನಿಲ್ಲಿಸುತ್ತಿದ್ದೆ. ಹಿತ್ತಲಿನಿಂದ ಅತ್ತೆಯ ಕೂಗು ಕೇಳಿತು. ಅಂಥ ಕೂಗನ್ನು ನಾನು ಅದಕ್ಕೂ ಮೊದಲು ಒಂದೇ ಸಲ ಕೇಳಿದ್ದೆ. ಓಡಿ ಹೋದೆ. ರೇವತಿ ಎದೆಮಟ್ಟದ ನೀರಿನಲ್ಲಿ ಎಮ್ಮೆಯ ಬೆನ್ನು ಉಜ್ಜುತ್ತಿದ್ದಳು. ಗೂಟದ ಹಗ್ಗ ಅವಳ ಕೈಯಲ್ಲಿತ್ತು. ಮಣಿಕಟ್ಟಿಗೆ ಸುತ್ತಿತ್ತು.

"ಬೇರೆದು ಹರಿದಿತ್ತವ್ವಾ" ಅಂದಳು, ದಡಕ್ಕೆ ಎಳೆದು ತಂದ ಮೇಲೆ. ನಾನು ಹೊಡೆದೆ. ಅವಳು ಅಳಲಿಲ್ಲ. "ಮತ್ಯಾರು ತೊಳೀತಾರೆ? ನೀನು ಹಾಲು ಹಾಕಿ ಬರೋ ಹೊತ್ತಿಗೆ ಸುಸ್ತಾಗಿರ್ತಿ."

ಅವಳಿಗೆ ಎತ್ತರ, ಭುಜ, ಹುಬ್ಬು ಎಲ್ಲ ಅಪ್ಪನದೇ ಬಂದಿದೆ. ನೀರಿನ ಹೆದರಿಕೆ ಇಲ್ಲದಿರುವುದೂ ಬಂದಿದೆ. ಎಮ್ಮೆ ಮಾತ್ರ ಮಾರಿದರೆ ಇಲ್ಲಿ ಹೊಟ್ಟೆಗಿಲ್ಲ. ಎಮ್ಮೆ ಇದ್ದರೆ ಹೊಳೆಗೆ ಇಳಿಯುವುದು ತಪ್ಪದು.

ಆ ರಾತ್ರಿ ಊಟಕ್ಕೆ ಕೂತಾಗ ಅತ್ತೆಯೇ, "ಸಿಕಂದರನ್ನ ಕರಿ" ಅಂದಳು. "ಮಾರಿಬಿಡು. ಈ ಹುಡುಗೀನ ಇಲ್ಲಿಂದ ಕರ್ಕೊಂಡು ಹೋಗು."

ಮೊದಲು ಬಂದವರು ರಾಣೆಬೆನ್ನೂರಿನವರು. ಜಾಗ ಬಹಳ ಹಿಡಿಸಿತು ಅಂದರು. ಹೋಗುವಾಗ ಊರೊಳಗೆ ಚಹಾ ಕುಡಿಯಲು ನಿಂತರು. ಮಾತಿಗೆ ಮಾತು ಬಂದು ಅಲ್ಲಿ ಯಾರೋ ನಿಂಗರಾಜುವಿನ ಸುದ್ದಿ ಹೇಳಿದರು. ಮರಳಿ ಫೋನು ಬರಲಿಲ್ಲ. ಎರಡನೆಯವರಿಗೂ ಹಾಗೇ ಆಯಿತು. ಹೊಳೆ ಬಲಿ ತೆಗೆದುಕೊಂಡ ದಂಡೆಯನ್ನು ಯಾರೂ ಕೊಳ್ಳುವುದಿಲ್ಲ.

ಸಿಕಂದರ್ ಬಂದು ಕಟ್ಟೆಯ ಮೇಲೆ ಕೂತ. "ಆಶಕ್ಕಾ, ಈಗ ಬರೋರು ಪಿ.ಜೆ. ಬಡಾವಣೆಯವರು. ಗುರುಮೂರ್ತಿ ಅಂತ, ಬಟ್ಟೆ ಅಂಗಡಿ ಐತೆ. ಇಲ್ಲಿ ನಾಕು ಕೋಣೆ ಕಟ್ಟಿ ಶನಿವಾರ ಭಾನುವಾರ ಮಂದೀನ ಕರೆಸ್ತಾರಂತೆ. ನಾನು ಊರೊಳಗೆ ಹಾಯಿಸದಂಗೆ ಏರಿ ಮ್ಯಾಲಿಂದ ಕರ್ಕೊಂಡು ಬರ್ತೀನಿ. ಕೇಳಿದ್ರೆ ನಿಂಗ ಕಾಮಾಲಿ ಆಗಿ ಆಸ್ಪತ್ರ್ಯಾಗ ತೀರ್ಕೊಂಡ ಅನ್ರಿ. ನನ್ನ ದೋಸ್ತನ ಬಗ್ಗೆ ಹಿಂಗ ಹೇಳೋದು ನನಗೂ ಸರಿ ಕಾಣಂಗಿಲ್ಲ. ಆದ್ರೆ ಮತ್ತೇನು ಮಾಡ್ತೀರಿ?"

ಅತ್ತೆ ಒಳಗಿನಿಂದಲೇ ಅಂದಳು, "ನೀವು ಬೇಕಾದ್ದು ಹೇಳ್ಕೊಳ್ರಿ. ನನ್ನ ಮಗ ಸತ್ತಾನೆ ಅಂತ ನನ್ನ ಬಾಯಾಗ ಬರಂಗಿಲ್ಲ."

"ನೀವು ಸುಮ್ಕ ಕುಂತ್ರೆ ಸಾಕು ಅಜ್ಜಿ. ಮಾತಾಡಬ್ಯಾಡ್ರಿ ಅಂತ ನಿಮಗೆ ಹೇಳೋದು ಎಷ್ಟು ಕಷ್ಟ ಅಂತ ಈ ಊರಿಗೇ ಗೊತ್ತು" ಅಂದ ಸಿಕಂದರ್. ಬೇರೆ ದಿನವಾಗಿದ್ದರೆ ಅವಳು ತಿರುಗಿಸಿ ಏನಾದರೂ ಅನ್ನುತ್ತಿದ್ದಳು.

ಅವರು ಬಂದ ದಿನ ಮೋಡ ಮುಸುಕಿತ್ತು. ಗುಡ್ಡ ಕಾಣಿಸಲಿಲ್ಲ. ಗುರುಮೂರ್ತಿ ಕಾರಿನಿಂದ ಇಳಿದವರೇ ಹೊಳೆಯ ಕಡೆ ನಡೆದರು. "ಏನ್ರಿ ಸಿಕಂದರ್, ಫೋಟೊದಾಗಿನ ಗುಡ್ಡ ಎಲ್ಲಿ ಹೋತು?"

"ಮೋಡ ಸರದ್ರೆ ಬರ್ತೈತೆ ಸರ್. ಗುಡ್ಡ ಎಲ್ಲಿ ಹೋಗ್ತೈತೆ? ನಮ್ಮಂಗೆ ಅದಕ್ಕೇನು ಹೊಟ್ಟೆಪಾಡೇ?"

ಗಂಡಸರು ನಕ್ಕುಕೊಂಡು ಮುಂದೆ ಹೋದರು. ಗುರುಮೂರ್ತಿಯವರ ಹೆಂಡತಿ ನಮ್ಮ ಜೊತೆ ಪಡಸಾಲೆಯಲ್ಲಿ ಕೂತರು. ಒಳ್ಳೆಯ ಹೆಂಗಸು. ಮಜ್ಜಿಗೆ ಕೊಟ್ಟರೆ ಪೂರ್ತಿ ಕುಡಿದು, "ಎಮ್ಮಿ ಮಜ್ಜಿಗಿ ರುಚಿನೇ ಬ್ಯಾರೆ" ಅಂದರು. ಆಮೇಲೆ ಲೋಟ ಕೆಳಗಿಟ್ಟು ದನಿ ತಗ್ಗಿಸಿದರು.

"ತಪ್ಪು ತಿಳ್ಕೋಬ್ಯಾಡ್ರಿ. ನಮ್ಮ ಮನ್ಯಾಗ ಸಣ್ಣ ಮಕ್ಕಳು ಅದಾವೆ, ಇಲ್ಲಿಗೆ ಬರ್ತಾವೆ. ಇಲ್ಲಿ ಹೊಳಿ ಯಾರನ್ನಾದ್ರೂ ತಗೊಂಡೈತೇನ್ರಿ?"

"ಇಲ್ರಿ" ಅಂದೆ.

"ನಿಮ್ಮ ಮನಿಯವರು?"

"ತೀರ್ಕೊಂಡ್ರು. ಕಾಮಾಲಿ ಆಗಿತ್ತು."

ಮಾತು ಸಲೀಸಾಗಿಯೇ ಬಂತು. ಸ್ಕೂಟಿಯ ಮೇಲೆ ದಾರಿಯುದ್ದಕ್ಕೂ ಹೇಳಿಕೊಂಡು ಕಲಿತಿದ್ದೆ. ಆಕೆ ಅಯ್ಯೋ ಎಂದು ನನ್ನ ಕೈ ಹಿಡಿದರು. ಹಿಡಿದ ಕೈಯಲ್ಲಿ ಹಸಿರು ಬಳೆಗಳು ಸದ್ದು ಮಾಡಿದವು. ಆಕೆಯ ಕಣ್ಣು ಬಳೆಯಿಂದ ಕೊರಳಿಗೆ ಹೋಯಿತು. ಅಲ್ಲಿಂದ ಹಣೆಗೆ.

ಮೈಮೇಲೆ ಇರುವುದನ್ನು ನಾನು ಮರೆತೇಬಿಟ್ಟಿದ್ದೆ. ಇಷ್ಟು ವರ್ಷ ಅವು ಇದ್ದದ್ದು ಅತ್ತೆಯ ನಂಬಿಕೆಯಾಗಿ. ನನ್ನವೆಂದು ನನಗೇ ಅನ್ನಿಸುತ್ತಿರಲಿಲ್ಲ. ಆಕೆ ಮೆಲ್ಲಗೆ ನನ್ನ ಕೈ ಬಿಟ್ಟರು. ಅಂಗಳದ ಆಚೆ ಗಂಡ ನಿಂತಿದ್ದ ಕಡೆ ನೋಡಿದರು. ಏಳಲು ಸೆರಗು ಸರಿಮಾಡಿಕೊಂಡರು. ಶೆಡ್ಡಿನಲ್ಲಿ ರೇವತಿ ಎಮ್ಮೆಗೆ ಹಿಂಡಿ ಇಡುತ್ತಾ ಏನೋ ಹಾಡಿಕೊಳ್ಳುತ್ತಿದ್ದಳು.

"ನಾನೇ ತಗೀಬ್ಯಾಡ ಅಂದಿದ್ದು."

ಗೋಡೆಗೆ ಒರಗಿದ್ದ ಅತ್ತೆ ಮಾತಾಡಿದ್ದಳು.

"ಸಣ್ಣ ವಯಸ್ಸು ನೋಡ್ರವ್ವ. ನನ್ನ ಕಣ್ಣಿಗೆ ಅದನ್ನ ನೋಡಾಕ ಆಗ್ಲಿಲ್ಲ. ಇರ್ಲಿ ಬಿಡು ಅಂದೆ."

ಆಕೆ ಕೂತರು. ಅತ್ತೆ ನಿಲ್ಲಿಸಲಿಲ್ಲ. ನಿಲ್ಲಿಸಬಹುದಿತ್ತು, ಅಷ್ಟೇ ಸಾಕಾಗಿತ್ತು.

"ದಾವಣಗೆರ್ಯಾಗ ಆಸ್ಪತ್ರಿಗೆ ಹಾಕಿದ್ವಿ. ಮೂಲ್ಯಾಗ ಮಂಚ. ಬಾಜೂಕ ಕಿಟಕಿ ಇತ್ತು. ಕಣ್ಣು ಎರಡೂ ಹಳದಿ. ಅವ್ವಾ, ಬಾಯಿ ಒಣಗೈತೆ ಅಂದ. ನೀರು ಕೊಡಬ್ಯಾಡ್ರಿ ಅಂದಿದ್ಲು ನರ್ಸಮ್ಮ. ನಾನು ಕೇಳ್ಲಿಲ್ಲ. ಚಮಚದಾಗ ಬಿಟ್ಟೆ. ಕುಡ್ದ. ಇನ್ನೊಂದು ಬಿಟ್ಟೆ. ಅದು ಕಟಬಾಯಾಗ ಇಳೀತು, ಸೆರಗಿಂದ ಒರೆಸಿದೆ. ತಲಿ ನನ್ನ ತೊಡಿ ಮ್ಯಾಲಿತ್ತು. ಬಿಸಿ ಇತ್ತು. ಆಮ್ಯಾಲ ತಣ್ಣಗಾತು." ಎರಡೂ ಅಂಗೈಯನ್ನು ತೊಡೆಯ ಮೇಲೆ ಬೊಗಸೆಯ ಹಾಗೆ ಇಟ್ಟುಕೊಂಡಿದ್ದಳು. "ಅವರಪ್ಪನ ಊರು ಕುಕ್ಕುವಾಡ. ಅಲ್ಲಿಗೆ ಒಯ್ದು ಮಣ್ಣು ಮಾಡಿದ್ವಿ. ಮಂದಿ ಬಾಳ ಬಂದಿದ್ರು."

ಗುರುಮೂರ್ತಿಯವರ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡರು. "ಹೆತ್ತ ತಾಯಿ ತೊಡಿ ಮ್ಯಾಲೆ ಹೋದ್ರಲ್ಲ. ಎಷ್ಟು ಮಂದಿಗೆ ಅದೂ ಇರಂಗಿಲ್ಲ, ಅಜ್ಜಿ" ಅಂದರು.

"ಹೂಂ" ಅಂದಳು ಅತ್ತೆ. "ಇರಂಗಿಲ್ಲ."

ಗಂಡಸರು ಬಂದಾಗ ಆಕೆ ಗಂಡನಿಗೆ ತಲೆಯಾಡಿಸಿದರು. ವ್ಯಾಪಾರ ಅಲ್ಲೇ ಕುದುರಿತು.

ಕಾರು ಏರಿಯ ಮೇಲೆ ಮರೆಯಾದ ಮೇಲೂ ಅತ್ತೆ ಕೈಗಳನ್ನು ತೊಡೆಯಿಂದ ತೆಗೆದಿರಲಿಲ್ಲ. ಹತ್ತಿರ ಹೋಗಿ ಕೂತೆ.

"ಚಮಚದಾಗ ನೀರು ಬಿಟ್ಟೆ ಅಂದೆನಲ್ಲ ಆಶಾ" ಅಂದಳು. "ಎಷ್ಟು ನೀರು ಕುಡದಿದ್ನೋ ನನ್ನ ಕೂಸು."

ಅಂದು ಸಂಜೆ ಅತ್ತೆ ದಂಡೆಗೆ ಹೋಗಲಿಲ್ಲ. ಎಮ್ಮೆಗಳನ್ನು ನಾನೇ ಕೂಗಿದೆ. ನನ್ನ ದನಿಗೆ ಅವು ಬಹಳ ಹೊತ್ತು ಏಳಲಿಲ್ಲ. ಎದ್ದು ಬಂದ ಮೇಲೆ ಅಭ್ಯಾಸದಿಂದ ನಾನೂ ಸ್ವಲ್ಪ ಹೊತ್ತು ನಿಂತೆ. ಇನ್ನೊಂದು ಕೂಗು ಬರಲಿಲ್ಲ. ಮನೆಗೆ ಬಂದಾಗ ಅತ್ತೆ ಬಾಗಿಲಲ್ಲಿ ನಿಂತಿದ್ದಳು. ನನ್ನ ಮುಖ ನೋಡದೆ, "ಬಳಿ ನೀನೇ ತಗಿ. ನನ್ನ ಕೈಲಿ ಆಗಂಗಿಲ್ಲ" ಅಂದಳು. ಒಡೆಯಲಿಲ್ಲ. ಸೋಪು ಹಚ್ಚಿ ಒಂದೊಂದೇ ಜಾರಿಸಿದೆ. ರೇವತಿ ಓದುತ್ತಿದ್ದ ಪುಸ್ತಕದಿಂದ ತಲೆ ಎತ್ತಿ ನೋಡಿದಳು.

ಎಮ್ಮೆಗಳನ್ನು ಕುಕ್ಕುವಾಡದ ಒಬ್ಬರು ಕೊಂಡರು. ಎಮ್ಮೆ ಮಾರಿದರೂ ಹಗ್ಗ ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಹಗ್ಗದ ಜೊತೆ ಮನೆಯ ಲಕ್ಷ್ಮಿ ಹೋಗುತ್ತಾಳೆ ಅನ್ನುತ್ತಾರೆ. ಕೊಂಡವರು ತಮ್ಮ ಹೊಸ ಹಗ್ಗಗಳನ್ನು ತಂದು ಕಟ್ಟಿದರು. ನಮ್ಮವನ್ನು ಬಿಚ್ಚಿ ಅಂಗಳದಲ್ಲಿ ಹಾಕಿದೆವು. ಅತ್ತೆ ಅವುಗಳನ್ನು ನೆರೆಮನೆಗೆ ಕೊಟ್ಟಳು. ಗೂಟದ ಹಗ್ಗವನ್ನು ಮಾತ್ರ ತೆಗೆದುಕೊಂಡು ದಂಡೆಗೆ ಹೋದಳು.

ಹೊಳೆಗೆ ಬಿಡುತ್ತಾಳೆ ಅಂದುಕೊಂಡೆ. ಬಿಡಲಿಲ್ಲ. ಮೆಟ್ಟಿಲ ಮೇಲೆ ಕೂತು, ಬಿಸಿನೀರು ತರಲು ಹೇಳಿ, ಸೀಗೆಪುಡಿ ಹಾಕಿ ತೊಳೆದಳು. ತುದಿಯಿಂದ ತುದಿಯವರೆಗೆ, ಎಳೆ ಎಳೆ ಬಿಡಿಸಿ. ಹಿಂಡದೆ, ಒತ್ತಿ ಒತ್ತಿ ನೀರು ತೆಗೆದಳು. ಆಗ ನನಗೆ ಅರ್ಥವಾಯಿತು.

"ಹುಣಸಿ ಮರದ ಬುಡಕ ಗುಂಡಿ ತಗೀಲೇನು ಅತ್ತಿ?" ಅಂದೆ.

ಅವಳು ಮರವನ್ನು ನೋಡಿದಳು.

"ಬ್ಯಾಡ. ಇಲ್ಲಿ ಯಾರೂ ಸತ್ತಿಲ್ಲ ಅಂತ ಹೇಳಿ ಕೊಟ್ಟೀವಿ. ಅವರ ಮನ್ಯಾಗ ಸಣ್ಣ ಮಕ್ಕಳು ಅದಾವಂತೆ." ಹಗ್ಗವನ್ನು ಸೆರಗಿನಲ್ಲಿ ಸುತ್ತಿದಳು. "ಕುಕ್ಕುವಾಡದಾಗ ಮಣ್ಣು ಮಾಡಿದ್ವಿ ಅಂದೀನಿ. ಅಮಾಸಿ ಬರ್ಲಿ, ಅಲ್ಲಿಗೇ ಒಯ್ಯಾಣ. ಅಲ್ಲೀತನ ನನ್ನ ಹತ್ರ ಇರ್ಲಿ."

ಹೊರಡುವ ದಿನ ಸಿಕಂದರ್ ಒಂದು ಟೆಂಪೊ ಕಳಿಸಿದ್ದ. ಪಾತ್ರೆ, ಹಾಸಿಗೆ, ಹಾಲಿನ ಖಾಲಿ ಕ್ಯಾನುಗಳು ಹಿಂದೆ. ಚಾಲಕನ ಪಕ್ಕ ನಾವು ಮೂವರು ಒತ್ತಿಕೊಂಡು ಕೂತೆವು. ಕೆ.ಬಿ. ಬಡಾವಣೆಯ ಹಿಂದಿನ ಓಣಿಯಲ್ಲಿ ಒಂದು ಬಾಡಿಗೆ ಮನೆ ನೋಡಿದ್ದೆ. ಹಾಲು ಹಾಕಿಸಿಕೊಳ್ಳುತ್ತಿದ್ದವರೇ ಕೊಡಿಸಿದ್ದು. ಅಲ್ಲಿ ನೀರೆಂದರೆ ನಲ್ಲಿಯದು ಮಾತ್ರ.

ಏರಿ ಹತ್ತುವಾಗ ಚಾಲಕ ಅತ್ತೆಯ ತೊಡೆಯ ಮೇಲಿದ್ದುದನ್ನು ನೋಡಿದ.

"ಎಮ್ಮಿ ಕೊಟ್ಟು ಹಗ್ಗ ಇಟ್ಕೊಂಡ್ರೇನಜ್ಜಿ? ಒಳ್ಳೇದು ಬಿಡ್ರಿ. ಲಕ್ಷ್ಮಿ ನಿಮ್ಮ ಕೂಡೇ ಬಂದ್ಲು."

"ಹೂಂನಪ್ಪಾ" ಅಂದಳು ಅತ್ತೆ.

ಅಂದು ಮೋಡ ಇರಲಿಲ್ಲ. ಹೊಳೆಯಾಚೆ ಗುಡ್ಡ ಚೆನ್ನಾಗಿ ಕಾಣುತ್ತಿತ್ತು. ರೇವತಿ ಅದನ್ನೇ ನೋಡುತ್ತಾ, ಅಜ್ಜಿಯ ಸೆರಗಿನಿಂದ ಹೊರಬಂದಿದ್ದ ಹಗ್ಗದ ತುದಿಯನ್ನು ತನಗೇ ತಿಳಿಯದೆ ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ನಾನು ಬಿಡಿಸಿದೆ. ಸ್ವಲ್ಪ ದೂರ ಹೋದ ಮೇಲೆ ನೋಡಿದರೆ ಮತ್ತೆ ಸುತ್ತಿಕೊಂಡಿದ್ದಳು. ಮತ್ತೆ ಬಿಡಿಸಿ, ಅವಳ ಕೈಯನ್ನು ನನ್ನ ಕೈಯೊಳಗೆ ಇಟ್ಟುಕೊಂಡು ಕೂತೆ.