ಒಳಗಿಂದ ತೆಗೆಯಬೇಕಾದ ಬಾಗಿಲು

ಬಾಗಿಲಿಗೆ ಬಣ್ಣ ಹೊಡೆದದ್ದು ನನ್ನ ಗಂಡ, ಚೆನ್ನಾಗಿದೆ ಎಂದು ಹೊಗಳಿದ್ದು ನಾನು. ಬೈಯುವುದಾದರೆ ಇಬ್ಬರನ್ನೂ ಬೈಯಬೇಕು. ಆದರೆ ಆ ಸಂಜೆ ನಾನು ಅವರೊಬ್ಬರನ್ನೇ ಬೈದೆ, ಅದೂ ಬೀದಿಯಲ್ಲಿ ಓಡುತ್ತಾ.

ಬುಗುರಿ ನನ್ನ ತಂಗಿಯ ಮಗಳು. ಒಂಬತ್ತು ವರ್ಷ. ಕೂತಲ್ಲಿ ಕೂರುವುದಿಲ್ಲ, ಅದಕ್ಕೇ ಆ ಹೆಸರು. ಅವಳು ಹೊಟ್ಟೆಯಲ್ಲಿದ್ದಾಗ ತಂಗಿ ಕುಡಿಯುತ್ತಿದ್ದಳು. ಆ ಕುಡಿತ ಮಗುವಿನ ಮಿದುಳಿಗೇ ಪೆಟ್ಟು ಕೊಟ್ಟಿತು. ಕೂಸಾಗಿದ್ದಾಗಿನಿಂದ ನಮ್ಮ ಹತ್ತಿರವೇ ಇದ್ದಾಳೆ. ನಿನ್ನೆ ಕಲಿತದ್ದು ಇವತ್ತು ಮರೆತಿರುತ್ತದೆ, ನಾಳೆ ಮತ್ತೆ ನೆನಪಾಗುತ್ತದೆ. ‘ಎರಡು ಬಿಟ್ರೆ ಸರಿಹೋಗ್ತಾಳೆ’ ಎಂದು ಬಿಟ್ಟಿ ಸಲಹೆ ಕೊಡುವವರಿಗೇನೂ ಬರವಿಲ್ಲ. ಡಾಕ್ಟರಮ್ಮ ಮಾತ್ರ ಬೇರೆ ಹೇಳಿದರು: “ಇವಳು ಹಠಕ್ಕೆ ಹೀಗೆ ಮಾಡಲ್ಲ, ಆಗದೆ ಮಾಡ್ತಾಳೆ. ಒಂದು ಸಲಕ್ಕೆ ಒಂದೇ ಮಾತು ಹೇಳಿ. ದಿನಾ ಅದೇ ಪದ, ಅದೇ ಕ್ರಮ. ಮನೇಲಿ ಏನನ್ನೂ ಸುಮ್ಸುಮ್ನೆ ಬದಲಾಯಿಸಬೇಡಿ.”

ನಾನೋ ಮುಂಗೋಪಿ. ಲಾಂಡ್ರಿಯಲ್ಲಿ ನಾನು ಹಿಡಿಯುವ ಇಸ್ತ್ರಿಪೆಟ್ಟಿಗೆ ನನಗಿಂತ ತಣ್ಣಗಿರುತ್ತದೆ ಎಂದು ಗಂಡ ಹಂಗಿಸುತ್ತಾರೆ. ಆದರೂ ಕಲಿತೆ. ‘ರೆಡಿಯಾಗು’ ಎನ್ನುವುದನ್ನು ಬಿಟ್ಟು ‘ಶೂ ಹಾಕ್ಕೋ’ ಎನ್ನಲು ಕಲಿತೆ. ‘ಯಾಕೆ ಹೀಗೆ ಮಾಡ್ದೆ’ ಎಂಬ ಪ್ರಶ್ನೆಯನ್ನು ನುಂಗಿಕೊಳ್ಳಲು ಕಲಿತೆ. ತಿಂಗಳುಗಟ್ಟಲೆ ಕೈಹಿಡಿದು ನಡೆಸಿ, ಬಸ್ಸಿಳಿದು ಒಬ್ಬಳೇ ಮನೆಗೆ ಬರುವುದನ್ನು ಅವಳಿಗೆ ಕಲಿಸಿದೆ: ಔಷಧಿ ಅಂಗಡಿ, ಸೈಕಲ್ ಅಂಗಡಿ, ಹಸಿರು ಬಾಗಿಲು. ಕಿಟಕಿಯಲ್ಲಿ ಇಣುಕದೆ ಒಳಗೇ ಕಾಯುವುದು ನನ್ನ ಪಾಲಿನ ಪಾಠ. ಮೊದಲ ಸಲ ಅವಳೇ ಬಂದು ತಟ್ಟಿದ ದಿನ ಖುಷಿಗೆ ಅತ್ತುಬಿಟ್ಟಿದ್ದೆ.

ಗಂಡ ಪೇಂಟರ್. ಕಂಡವರ ಮನೆಗೆಲ್ಲ ಬಣ್ಣ ಬಳಿಯುವವನ ಬಾಗಿಲೇ ಮಾಸಿದೆಯಲ್ಲ ಎಂಬುದು ಅವರ ಕಣ್ಣಿಗೆ ಚುಚ್ಚುತ್ತಿತ್ತು. ಆ ದಿನ ಕೆಲಸ ಬೇಗ ಮುಗಿಸಿ ಬಂದವರೇ ಉಳಿದಿದ್ದ ನೀಲಿಯನ್ನು ಬಳಿದರು. ಲಾಂಡ್ರಿಯಿಂದ ಬಂದ ನಾನು “ಪರವಾಗಿಲ್ವೇ, ನಮ್ಮನೆಗೂ ಕಳೆ ಬಂತು!” ಎಂದು ಒಳಗೆ ಹೋಗಿ ಕೂತೆ.

ಬಸ್ಸಿನ ಹೊತ್ತು ಮೀರಿತು. ಎದ್ದೆ, ಕೂತೆ, ಮಡಚಿದ ಬಟ್ಟೆಯನ್ನೇ ಮತ್ತೆ ಮಡಚಿದೆ. ಬಾಗಿಲ ಸದ್ದಾಗಲಿಲ್ಲ. ತಡೆಯಲಾರದೆ ಹೊರಗೆ ಬಂದೆ. ಎದುರು ಮನೆಯ ದರ್ಜಿ ಹೊಲಿಗೆ ಯಂತ್ರದಿಂದ ತಲೆಯೆತ್ತಿದ.

“ನಿಮ್ಮ ಹುಡುಗೀನಾ? ಆಗ್ಲೇ ಬಂದ್ಲಲ್ಲ. ನಿಮ್ಮನೆ ಮುಂದೆ ನಿಂತು ನೋಡಿದ್ಲು, ಹಾಗೇ ಮುಂದೆ ಹೋದ್ಲು. ಅಂಗಡಿಗೆ ಕಳಿಸಿದ್ದೀರೇನೋ ಅಂದ್ಕೊಂಡೆ.”

ಬ್ರಷ್ ತೊಳೆಯುತ್ತಿದ್ದ ಗಂಡನ ಮುಖ ಬಿಳಿಚಿಕೊಂಡಿತು. “ಅಯ್ಯೋ... ಬಣ್ಣ ಕಣೇ!”

ನಾನಾಗಲೇ ಓಟ ಕಿತ್ತಿದ್ದೆ. “ನಿಮ್ಮ ತಲೆಗೆ ಬಳ್ಕೋಬಾರದಿತ್ತಾ ಆ ನೀಲೀನ!”

ಓಡಿದೆವು. ಬೀದಿ ಮುಗಿದರೆ ದೊಡ್ಡ ರಸ್ತೆ, ಎಡೆಬಿಡದ ಲಾರಿಗಳು. ಅವಳಿಗೆ ಲಾರಿಯ ವೇಗ ತಿಳಿಯುವುದಿಲ್ಲ. ಚಕ್ರಗಳ ಕಡೆ ನೋಡಲು ನನಗೆ ಧೈರ್ಯ ಸಾಲಲಿಲ್ಲ. “ಹಸಿರು ಬಾಗಿಲು ಹುಡುಕ್ಕೊಂಡು ಹೋಗಿರ್ತಾಳೆ,” ಎಂದೆ. ಗಂಡ ಗಕ್ಕನೆ ನಿಂತರು. “ರಸ್ತೆ ಆಚೆ ಮೇಷ್ಟ್ರ ಮನೆಗೂ ಅದೇ ಡಬ್ಬದ ಹಸಿರೇ ಹೊಡೆದಿದ್ದೆ!”

ಅಲ್ಲೇ ಇದ್ದಳು. ಎರಡೂ ಮುಷ್ಟಿಯಿಂದ ಬಾಗಿಲು ಬಡಿಯುತ್ತಿದ್ದಳು. ಪಕ್ಕದ ಕಿಟಕಿಯಿಂದ ಮೇಷ್ಟ್ರು ಕೂಗಾಡುತ್ತಿದ್ದರು: “ಏನ್ರೀ ಇದು? ತೆಗೆದ್ರೆ ನನ್ನ ಮುಖ ನೋಡಿ ಕಿರುಚ್ತಾಳೆ, ಮುಚ್ಚಿದ್ರೆ ಬಡೀತಾಳೆ!”

ಹೋದ ಜೀವ ಬಂದಂತಾಗಿ ಅವಳನ್ನು ತಬ್ಬಿದೆ. ನನ್ನನ್ನೇ ನೂಕಿದಳು. “ನೀನಿಲ್ಲಿ ಇರಬಾರ್ದು! ಒಳಗಿರಬೇಕು! ಒಳಗಿಂದ ತೆಗೀಬೇಕು!”

ಗಂಡ ಎತ್ತಿಕೊಳ್ಳಲು ಹೋದರೆ ಕೊಸರಿಕೊಂಡು ರಸ್ತೆಯ ಕಡೆಗೇ ತಿರುಗಿದಳು. “ಮುಟ್ಟಬೇಡಿ,” ಎಂದೆ. ಅವರು ಕೈಬಿಟ್ಟರು, ಅವಳು ಮತ್ತೆ ಬಾಗಿಲು ಬಡಿಯತೊಡಗಿದಳು. ಅವಳ ಗೆಣ್ಣುಗಳು ಕೆಂಪಗೆ ಊದಿದ್ದವು. ‘ಬಾಗಿಲು ತಟ್ಟು, ದೊಡ್ಡಮ್ಮ ತೆಗೆಯುವ ತನಕ ಅಲ್ಲೇ ಇರು, ಬೇರೆ ಯಾರು ಕರೆದರೂ ಹೋಗಬೇಡ.’ ಹೀಗೆಂದು ಹೇಳಿಕೊಟ್ಟವಳು ನಾನೇ. ಮರೆಗುಳಿ ಎಂದು ಎಲ್ಲರೂ ಆಡಿಕೊಳ್ಳುವ ಹುಡುಗಿ ಒಂದೂ ಮರೆತಿರಲಿಲ್ಲ. ನನಗೆ ಸಂಕಟವಾಯಿತು, ಹೆಮ್ಮೆಯೂ ಆಯಿತು.

“ಹಿತ್ತಿಲ ಬಾಗಿಲು ತೆಗೀರಿ ಮೇಷ್ಟ್ರೇ, ದಮ್ಮಯ್ಯ,” ಎಂದೆ. ಗೊಣಗುತ್ತಲೇ ತೆಗೆದರು. ಯಾರದೋ ಅಡುಗೆಮನೆ, ಯಾರದೋ ನಡುಮನೆ ದಾಟಿ ಹೋಗಿ ಚಿಲಕಕ್ಕೆ ಕೈಹಾಕಿದೆ. ಆಚೆಯಿಂದ ಬಡಿತ ನಿಂತಿರಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಬಾಗಿಲು ತೆಗೆದೆ.

ಬುಗುರಿ ನನ್ನನ್ನು ನೋಡಿದಳು. ಎತ್ತಿದ ಕೈ ಕೆಳಗಿಳಿಯಿತು. ಒಳಗೆ ಬಂದು ಮೇಷ್ಟ್ರ ಕುರ್ಚಿಯ ಪಕ್ಕದಲ್ಲಿ ಬ್ಯಾಗ್ ಇಟ್ಟಳು. ಆಮೇಲೆ ನನ್ನ ಹೊಟ್ಟೆಗೆ ಮುಖ ಒತ್ತಿ ಬಿಕ್ಕಿದಳು.

“ಎಷ್ಟೊತ್ತಿಂದ ತಟ್ತಾ ಇದೀನಿ ದೊಡ್ಡಮ್ಮ. ಯಾಕೆ ತೆಗೀಲಿಲ್ಲ?”

“ತಪ್ಪಾಯ್ತು ಕಣೇ,” ಎಂದೆ. “ನನಗೆ ಕೇಳಿಸಲಿಲ್ಲ.”